ಉಪ್ಪು ಎಲ್ಲಿಂದ ಬಂತು

ನಾನು ಒಂದು ಫ್ಲೇಮ್ ಫೋಟೋಮೀಟರ್. ಹೆಸರು ದೊಡ್ಡದಾದರೂ ಕೆಲಸ ಸರಳ. ಒಂದು ದ್ರವವನ್ನು ತುಂತುರು ಮಾಡಿ ನನ್ನ ಬೆಂಕಿಯೊಳಗೆ ಬಿಟ್ಟರೆ, ಅದರಲ್ಲಿ ಸೋಡಿಯಂ ಎಷ್ಟಿದೆ, ಪೊಟ್ಯಾಸಿಯಂ ಎಷ್ಟಿದೆ ಎಂದು ಹೇಳುತ್ತೇನೆ. ಸೋಡಿಯಂ ಬಿದ್ದರೆ ಬೆಂಕಿ ಹಳದಿಯಾಗುತ್ತದೆ, ಪೊಟ್ಯಾಸಿಯಂ ಬಿದ್ದರೆ ನಸುನೇರಳೆ. ಆ ಬೆಳಕು ಬಣ್ಣದ ಗಾಜನ್ನು ದಾಟಿ ನನ್ನ ಕಣ್ಣಿಗೆ ತಾಗುತ್ತದೆ, ಎಷ್ಟು ಬೆಳಕೋ ಅಷ್ಟು ದೂರ ನನ್ನ ಮುಳ್ಳು ಸರಿಯುತ್ತದೆ. ನಾನು ಊಹೆ ಮಾಡುವುದಿಲ್ಲ, ಯಾರ ಮುಖ ನೋಡಿಯೂ ಮುಳ್ಳು ಆಡಿಸುವುದಿಲ್ಲ.

ಹುಟ್ಟಿದ್ದು ಅಂಬಾಲಾದಲ್ಲಿ, ತಕ್ಕಡಿ ಮತ್ತು ಗಾಜಿನ ಕೊಳವೆ ಮಾಡುವ ಬೀದಿಯ ಒಂದು ಕಾರ್ಖಾನೆಯಲ್ಲಿ. ಬೂದುಬಣ್ಣದ ತಗಡಿನ ಮೈ, ಒಳಗೊಂದು ಬರ್ನರು, ಅದರ ಸುತ್ತ ಗಾಜಿನ ಚಿಮಣಿ. ಊಟಕ್ಕೆ ಅಡುಗೆ ಅನಿಲದ ಸಿಲಿಂಡರು, ಉಸಿರಿಗೆ ಪಕ್ಕದಲ್ಲಿ ಗುಡುಗುಡು ಎನ್ನುವ ಕಂಪ್ರೆಸರು. ನನ್ನನ್ನು ಪೆಟ್ಟಿಗೆಗೆ ಹಾಕುವ ಮೊದಲು ಹಳೆಯ ಮಿಸ್ತ್ರಿಯೊಬ್ಬ ಕೊನೆಯ ಪರೀಕ್ಷೆ ಮಾಡಿದ. ಬಟ್ಟಿ ಇಳಿಸಿದ ನೀರು ಕುಡಿಸಿದಾಗ ಮುಳ್ಳು ಸೊನ್ನೆಯಲ್ಲಿ ನಿಂತಿತು. ಆಮೇಲೆ ಅದೇ ನೀರಿನಲ್ಲಿ ತನ್ನ ಬೆರಳನ್ನೊಮ್ಮೆ ಅದ್ದಿ ತೆಗೆದು ಮತ್ತೆ ಕುಡಿಸಿದ. ಬೆಂಕಿ ಹಳದಿಯಾಯಿತು, ಮುಳ್ಳು ಎದ್ದಿತು. ಬೆರಳಿನ ಬೆವರೂ ನನಗೆ ಕಾಣುತ್ತದೆ ಎಂದು ಖಾತ್ರಿಯಾದ ಮೇಲೆ ಅವನು ಮೊಳೆ ಹೊಡೆದು ಪೆಟ್ಟಿಗೆ ಮುಚ್ಚಿದ.

ಮೊದಲ ಮನೆ ಧಾರವಾಡದ ಕಡೆಯ ಒಂದು ಮಣ್ಣು ಪರೀಕ್ಷಾ ಕೇಂದ್ರ. ಎರೆಮಣ್ಣು, ಮಸಾರಿಮಣ್ಣು, ಕೆರೆಯ ಹೂಳು ಎಲ್ಲವನ್ನೂ ಕಲಸಿ, ಸೋಸಿ ನನಗೆ ಕುಡಿಸಿದರು. ಹೊಲಕ್ಕೆ ಪೊಟ್ಯಾಶ್ ಬೇಕೋ ಬೇಡವೋ ಹೇಳಿದೆ. ಅಂಕಿಗಳು ನೇರವಾಗಿ ಮೂಡುವ ಹೊಸ ಯಂತ್ರ ಬಂದಾಗ, ಮುಳ್ಳಿನ ಯಂತ್ರವಾದ ನನ್ನನ್ನು ಹುಬ್ಬಳ್ಳಿಯ ಹೊರವಲಯದಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಗೆ ಕೊಟ್ಟರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಆಸ್ಪತ್ರೆಯ ಜೀವರಸಾಯನ ವಿಭಾಗದಲ್ಲಿ ನಾನು ಡಾ. ವಿಮಲಾ ಹಂಚಿನಾಳರ ಕೈಗೆ ಬಿದ್ದೆ. ತೆಳ್ಳನೆಯ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಕೆಲಸಕ್ಕೆ ನಿಲ್ಲುವವರು. ಥೈರಾಯ್ಡ್ ಗಡ್ಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಥೈರಾಯ್ಡ್ ಎಂದರೆ ಗಂಟಲ ಮುಂದೆ ಪಾತರಗಿತ್ತಿ ರೆಕ್ಕೆ ಬಿಚ್ಚಿ ಕೂತಂತಿರುವ ಗ್ರಂಥಿ. ಅದರಲ್ಲಿ ಗಡ್ಡೆ ಬೆಳೆದರೆ ಹೆಚ್ಚಿನವು ನಿರುಪದ್ರವಿ, ಕೆಲವು ಮಾತ್ರ ಕ್ಯಾನ್ಸರ್. ಯಾವುದು ಯಾವುದೆಂದು ಹೇಳಲು ಸೂಕ್ಷ್ಮದರ್ಶಕವೂ ಕೆಲವೊಮ್ಮೆ ತಡವರಿಸುತ್ತದೆ. ಅಂಥ ಕಡೆ ರಸಾಯನಶಾಸ್ತ್ರ ನೆರವಾದೀತೇ ಎಂಬುದು ವಿಮಲಾ ಅವರ ಪ್ರಶ್ನೆ.

ಪ್ರಶ್ನೆಗೆ ಆಧಾರವಿತ್ತು. ಜೀವಂತ ಕೋಶ ಪೊಟ್ಯಾಸಿಯಂ ಅನ್ನು ಒಳಗೆ ಇಟ್ಟುಕೊಳ್ಳುತ್ತದೆ, ಸೋಡಿಯಂ ಅನ್ನು ಹೊರಗೆ ನೂಕುತ್ತದೆ. ಕೋಶ ಹದ ತಪ್ಪಿದರೆ ಈ ಲೆಕ್ಕವೂ ತಪ್ಪಬಹುದು. ಹಾಗೆಯೇ ಪ್ರತಿ ಕೋಶದ ಬೀಜದಲ್ಲಿ ಡಿಎನ್ಎ ಇಂತಿಷ್ಟೇ ಎಂದು ಇರುತ್ತದೆ, ಕ್ಯಾನ್ಸರ್ ಕೋಶದಲ್ಲಿ ಅದು ಒಂದೂವರೆ ಪಟ್ಟೋ ಎರಡು ಪಟ್ಟೋ ಆಗಿರಬಹುದು. ಲವಣಗಳನ್ನು ನೋಡುವ ಕೆಲಸ ನನ್ನದು. ಡಿಎನ್ಎಯ ಕೆಲಸ ನನ್ನ ಪಕ್ಕದಲ್ಲಿದ್ದ ಕಲರಿಮೀಟರಿನದು. ವಿಮಲಾ ಗಡ್ಡೆಯ ತುಣುಕನ್ನು ಅರೆದು, ಔಷಧ ಬೆರೆಸಿ ಕಾಯಿಸಿದರೆ ಡಿಎನ್ಎ ಇದ್ದಷ್ಟು ನೀಲಿ ಏರುತ್ತಿತ್ತು. ಕಲರಿಮೀಟರ್ ಆ ನೀಲಿಯನ್ನು ಅಳೆಯುತ್ತಿತ್ತು. ಒಂದೇ ಮೇಜಿನ ಮೇಲೆ ಅದಕ್ಕೆ ನೀಲಿ, ನನಗೆ ಹಳದಿ. ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ.

ಕೆಲಸ ಚೆನ್ನಾಗಿ ಸಾಗಿತು. ಕ್ಯಾನ್ಸರ್ ಗಡ್ಡೆಗಳಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ; ಸಾದಾ ಗಡ್ಡೆಗಳಲ್ಲಿ ಹಾಗಿಲ್ಲ. ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ವಿಮಲಾ ಪುಣೆಯ ಒಂದು ಸಮ್ಮೇಳನಕ್ಕೆ ಹೋಗಿ ಪ್ರಬಂಧ ಓದಿ ಬಂದರು. ಮರಳಿ ಬಂದ ದಿನ ನನ್ನ ಚಿಮಣಿಯನ್ನು ಸ್ಪಿರಿಟ್ ಹಾಕಿ ತಾವೇ ಒರೆಸಿದರು.

ಅಂದಿನಿಂದ ಶಸ್ತ್ರಚಿಕಿತ್ಸಕ ಡಾ. ರೋಣದ ಅವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತು. ದೊಡ್ಡ ಮೈಯ, ದೊಡ್ಡ ದನಿಯ ಮನುಷ್ಯ. ಬಾಗಿಲಲ್ಲಿ ನಿಂತೇ ಕೇಳುತ್ತಿದ್ದರು.

"ಏನ್ರಿ ವಿಮಲಾ, ನಿಮ್ಮ ಗ್ಯಾಸ್ ಒಲಿ ಏನಂತೈತಿ?"

ಅವರ ಹಿಂದೆ ಬರುತ್ತಿದ್ದ ಡಾ. ನಾಡಗೌಡರಿಗೆ ಈ ಮಾತು ಹಿಡಿಸುತ್ತಿರಲಿಲ್ಲ. ಗಡ್ಡೆಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಪು ಕೊಡುವ ರೋಗನಿದಾನ ತಜ್ಞ ಅವರು.

"ಒಲಿ ಮಾತು ಅಡಗಿ ಮನ್ಯಾಗ ನಡೀತದ ರೋಣದ, ನನ್ನ ಮೈಕ್ರೋಸ್ಕೋಪಿನ ಮುಂದ ನಡಿಯೂದಿಲ್ಲ."

"ನಿಮ್ಮ ಮೈಕ್ರೋಸ್ಕೋಪು ವಾರಗಟ್ಟಲೆ 'ನೋಡೂಣು, ನೋಡೂಣು' ಅಂತೈತಿ. ಇದು ಹಂಗಲ್ಲ, ಹಚ್ಚಿದ ಕೂಡ್ಲೆ ಹೇಳ್ತೈತಿ."

ಹೀಗಿರುವಾಗ ಇಂದುಮತಿ ಸವಣೂರ ಬಂದರು. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುವಿಕೆ, ಹೋಗುವಿಕೆಯನ್ನು ಧ್ವನಿವರ್ಧಕದಲ್ಲಿ ಹೇಳುವ ಕೆಲಸ ಅವರದು. ಊರಿನ ಬಹಳ ಜನ ಅವರ ಮುಖ ನೋಡಿರಲಿಲ್ಲ, ಆದರೆ ದನಿ ಗೊತ್ತಿಲ್ಲದವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಸಿಕ್ಕ ನೌಕರಿ. ಮನೆ ನಡೆಯುತ್ತಿದ್ದುದು ಆ ದನಿಯ ಮೇಲೆ. ಅವರ ಗಂಟಲ ಬಲಗಡೆ ಗಡ್ಡೆ ಬೆಳೆದಿತ್ತು. ಡಾ. ರೋಣದ ಅವರು ಥೈರಾಯ್ಡಿನ ಆ ಅರ್ಧವನ್ನು ತೆಗೆದರು. ದನಿ ಹಾಗೆಯೇ ಉಳಿಯಿತು.

ಗಡ್ಡೆಯ ಒಂದು ಭಾಗ ನಾಡಗೌಡರಿಗೆ ಹೋಯಿತು, ಒಂದು ಭಾಗ ನಮಗೆ ಬಂತು. ನಾಡಗೌಡರು ತಕ್ಷಣಕ್ಕೆ ಏನೂ ಹೇಳಲಿಲ್ಲ. ಗಡ್ಡೆಯ ಸುತ್ತ ಒಂದು ತೆಳು ಹೊದಿಕೆ ಇರುತ್ತದೆ. ಕೋಶಗಳು ಅದನ್ನು ಸೀಳಿ ಹೊರಗೆ ನುಗ್ಗಿದ್ದರೆ ಕ್ಯಾನ್ಸರ್, ಇಲ್ಲವಾದರೆ ಅಲ್ಲ. ಒಂದು ಕಡೆ ಹೊದಿಕೆ ಹರಿದಂತೆಯೂ ಕಾಣುತ್ತಿತ್ತು, ಕೊಯ್ಯುವಾಗ ಮಡಚಿಕೊಂಡಂತೆಯೂ ಕಾಣುತ್ತಿತ್ತು. ಹೊದಿಕೆಯ ಉಳಿದ ಭಾಗವನ್ನೆಲ್ಲ ಕೊಯ್ದು ನೋಡಬೇಕು, ಸಮಯ ಬೇಕು ಎಂದರು.

ನಮ್ಮ ಮೇಜಿನ ಮೇಲೆ ಸಂಶಯ ಕಡಿಮೆಯಿತ್ತು. ಕಲರಿಮೀಟರ್ ಡಿಎನ್ಎ ಹೆಚ್ಚಿದೆ ಎಂದಿತು. ನನ್ನ ಚಿಮಣಿಯಲ್ಲಿ ಬೆಂಕಿ ಹಳದಿಯಾಗಿ ಎದ್ದಿತು. ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಪುಣೆಯಲ್ಲಿ ಓದಿದ ಪ್ರಬಂಧ ಹೇಳುವಂತೆಯೇ.

"ನೋಡ್ರಿ, ಒಲಿ ಹೇಳೇ ಬಿಡ್ತು," ಎಂದರು ರೋಣದ. "ಉಳಿದ ಅರ್ಧಾನೂ ತಗದುಬಿಡ್ತೇನಿ. ಸೋಮವಾರಕ್ಕ ಹೆಸರು ಬರೀರಿ."

"ದನಿ?" ಎಂದು ವಿಮಲಾ ಕೇಳಿದರು.

ರೋಣದ ತಮ್ಮ ದನಿ ಇಳಿಸಿದರು. ಥೈರಾಯ್ಡಿನ ಎರಡೂ ಬದಿಗೆ ಅಂಟಿಕೊಂಡು ನೂಲಿನಷ್ಟು ತೆಳುವಾದ ನರ ಧ್ವನಿಪೆಟ್ಟಿಗೆಗೆ ಹೋಗುತ್ತದೆ. "ಬಲಗಡೆ ನರ ಉಳಿಸೇನಿ. ಎಡಗಡೀದೂ ಉಳಸ್ತೇನಿ ಅಂತ ಕಾಗದದ ಮ್ಯಾಲೆ ಬರದು ಕೊಡಾಕ ಬರೂದಿಲ್ಲ. ಗೊಗ್ಗರ ಆಗಬಹುದು. ಆದ್ರ ಕ್ಯಾನ್ಸರ್ ಬಿಟ್ಟು ಮನಿಗೆ ಕಳಸಾಕ ನನಗ ಆಗೂದಿಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅಂದಾರು.

ಮಾರನೆಯ ದಿನ ಇಂದುಮತಿ ನಮ್ಮ ಕೋಣೆಗೇ ಬಂದರು. ಕುತ್ತಿಗೆಗೆ ಬಿಳಿ ಪಟ್ಟಿ, ಅದರ ಮೇಲೆ ಹತ್ತಿಯ ಸೀರೆಯ ಸೆರಗು.

"ಡಾಕ್ಟರ್ ಬಾಯೇರ, ಸೋಮವಾರದ ಆಪರೇಶನ್ ಒಂದು ಮಶೀನ್ ನೋಡಿ ಗೊತ್ತು ಮಾಡ್ಯಾರ ಅಂತ ವಾರ್ಡಿನ್ಯಾಗ ಅಂತಾರ. ಅದು ಯಾವ ಮಶೀನ್ ಅಂತ ನೋಡಿಕೊಂಡು ಹೋಗೂಣು ಅಂತ ಬಂದೆ."

ವಿಮಲಾ ನನ್ನನ್ನು ತೋರಿಸಿದರು. ಇಂದುಮತಿ ಬಗ್ಗಿ ಚಿಮಣಿಯೊಳಗೆ ನೋಡಿದರು. ಅವರ ಉಸಿರು ಕೆಳಗಿನ ಗಾಳಿಕಿಂಡಿಗೆ ತಾಗಿ ಜ್ವಾಲೆ ಓಲಾಡಿತು.

"ಸ್ವಲ್ಪ ಹಿಂದ ಸರೀರಿ. ಉಸಿರು ತಾಗಿದ್ರ ಉರಿ ಅಲುಗಾಡ್ತದ."

"ನನ್ನ ಉಸಿರಿಗೆ ಇಷ್ಟು ಅಂಜೂ ಮಶೀನ್ ನನ್ನ ದನಿ ತಗೊಂಡು ಹೋಗ್ತದೇನ್ರಿ?" ಇಂದುಮತಿ ನಕ್ಕರು. ಪಟ್ಟಿ ಎಳೆದಿರಬೇಕು, ನಗುವನ್ನು ಅರ್ಧಕ್ಕೆ ನಿಲ್ಲಿಸಿದರು. "ತಡಾ ಆದ ಗಾಡಿಗೆಲ್ಲ ದಿನಾ ನಾನs ಮಂದಿ ಕಡೆ ಕ್ಷಮಾ ಕೇಳ್ತೇನಿ. ತಪ್ಪು ಗಾಡೀದು, ಮಾತು ನಂದು. ಈಗ ತಪ್ಪು ಗಡ್ಡೀದು. ಮಾತು ಮಾತ್ರ ನಂದs ಹೋಗೂದು."

ವಿಮಲಾ ಯಂತ್ರ ಏನು ನೋಡುತ್ತದೆ ಎಂಬುದನ್ನಷ್ಟೇ ತಿಳಿಹೇಳಿದರು. ಗಡ್ಡೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದೆ ಎಂದರು.

"ಉಪ್ಪೇನ್ರಿ? ಬಿಪಿ ಅಂತ ಉಪ್ಪಿನಕಾಯಿನೂ ಬಿಟ್ಟೇನಲ್ಲ. ಅಷ್ಟು ಉಪ್ಪು ಎಲ್ಲಿಂದ ಬಂತು?"

"ಊಟದ ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ, ಇಂದುಮತಿ. ಗಡ್ಡಿ ಕೋಶದ್ದs ಅದು."

"ಇರಲಿ. ದನಿ ಹೋದ್ರ ನನ್ನನ್ನ ಟಿಕೆಟ್ ಕಿಡಕಿಗೆ ಹಾಕ್ತಾರಂತ. ಅಲ್ಲೂ ಮಾತಾಡಬೇಕಲ್ರಿ." ಹೀಗೆಂದು ಅವರು ಹೊರಟುಹೋದರು.

ಉಪ್ಪು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ವಿಮಲಾ ನೋಟುಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಎದ್ದು ಫ್ರೀಜರ್ ತೆಗೆದರು. ಇಂದುಮತಿಯ ಗಡ್ಡೆಯ ಒಂದು ತುಂಡು ಅದರಲ್ಲಿ ಉಳಿದಿತ್ತು. ಇದುವರೆಗೆ ಅವರು ತುಂಡನ್ನು ಇಡಿಯಾಗಿ ಅರೆದು ಅಳೆಯುತ್ತಿದ್ದರು. ಈಗ ಹೊರಗಿನ ತೆಳುಪದರವನ್ನು ಸುತ್ತಲೂ ಕೆತ್ತಿ ಒಂದು ಬಟ್ಟಲಿಗೆ ಹಾಕಿದರು, ನಡುವಿನ ತಿರುಳನ್ನು ಇನ್ನೊಂದು ಬಟ್ಟಲಿಗೆ. ಎರಡನ್ನೂ ಬೇರೆಬೇರೆಯಾಗಿ ಒಣಗಿಸಿ, ತೂಗಿ, ಆಮ್ಲದಲ್ಲಿ ಕರಗಿಸಿದರು. ಉಪ್ಪು ಕೋಶದ್ದೇ ಆಗಿದ್ದರೆ ನಡುವೆಯೂ ಅಷ್ಟೇ ಇರಬೇಕು.

ಹೊರಪದರದ ದ್ರವ ಕುಡಿಸಿದಾಗ ಬೆಂಕಿ ಕೇಸರಿಯಷ್ಟು ಗಾಢವಾಗಿ ಎದ್ದಿತು, ಮುಳ್ಳು ಬಲಕ್ಕೆ ಓಡಿತು. ತಿರುಳಿನ ದ್ರವ ಕುಡಿಸಿದಾಗ ಹಳದಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪೊಟ್ಯಾಸಿಯಂ ಉಲ್ಟಾ. ನಡುವೆ ಹೆಚ್ಚು, ಅಂಚಿನಲ್ಲಿ ತೊಳೆದು ಹೋದಂತೆ ಕಡಿಮೆ.

ವಿಮಲಾ ಎರಡನ್ನೂ ಮತ್ತೆ ಕುಡಿಸಿದರು. ನಾನು ಅದನ್ನೇ ಹೇಳಿದೆ. ನಳಿಕೆ ತೊಳೆದು, ಬಟ್ಟಿ ಇಳಿಸಿದ ನೀರು ಕುಡಿಸಿ, ಸೊನ್ನೆ ನೋಡಿ, ಮೂರನೆಯ ಸಲವೂ ಕುಡಿಸಿದರು. ನನ್ನ ಮಾತು ಬದಲಾಗಲಿಲ್ಲ.

ಆ ಹೊತ್ತಿಗೆ ಶಸ್ತ್ರಚಿಕಿತ್ಸಾ ಕೊಠಡಿಯ ಸಿಸ್ಟರ್ ಸಲೋಮಿ ಬೇರೊಬ್ಬರ ಗಡ್ಡೆಯ ತುಂಡು ತಂದಿಟ್ಟರು. ಅದು ಸಾದಾ ಗಡ್ಡೆ, ಒಣ ಬಾಟಲಿಯಲ್ಲಿತ್ತು.

"ಸಿಸ್ಟರ್, ಇಂದುಮತಿ ಅವರ ಗಡ್ಡಿ ತಗದ ಮ್ಯಾಲೆ ಎದರಾಗ ಇಟ್ಟಿದ್ರಿ?"

"ಸಲೈನ್ ಬಟ್ಟ್ಯಾಗ ಸುತ್ತಿ ಇಟ್ಟಿದ್ವಿರಿ ಮೇಡಂ." ಸಲೈನ್ ಎಂದರೆ ಆಸ್ಪತ್ರೆಯ ಉಪ್ಪುನೀರು.

"ಎಲ್ಲಾ ಗಡ್ಡೀನೂ ಹಂಗs ಇಡ್ತೀರೇನು?"

"ಇಲ್ರಿ. ರೋಣದ ಸರ್ ಮಾರಿ ನೋಡಿದ್ರ ನಮಗ ತಿಳೀತೈತಿ. ಅವರಿಗೆ ಸಂಶಯ ಬಂದದ್ದಾದ್ರ ಒದ್ದಿ ಬಟ್ಟ್ಯಾಗ ಸುತ್ತಿ ಮೊದಲ ನಾಡಗೌಡ ಸರ್ ಕಡೆ ಕಳಸ್ತೀವಿ. ಅವರು ಅವಸರಕ್ಕ ಕೊಯ್ದು ನೋಡೂತನಕ ಒಣಗಬಾರದಲ್ರಿ. ಉಳದದ್ದು ಆಮ್ಯಾಲೆ ನಿಮ್ಮ ಕಡೆ ಬರ್ತೈತಿ. ಸಾದಾದ್ದಿದ್ರ ಸೀದಾ ನಿಮ್ಮ ಒಣ ಬಾಟ್ಲಿ. ಯಾಕ್ರಿ, ಏನರ ತಪ್ಪಾತೇನು?"

"ನಿಮ್ಮದಲ್ಲ," ಎಂದರು ವಿಮಲಾ. "ನಾ ಕೇಳಬೇಕಿತ್ತು. ಕೇಳಿಲ್ಲ."

ಸಲೋಮಿ ಹೋದ ಮೇಲೆ ವಿಮಲಾ ಹಳೆಯ ಅಂಕಿಗಳ ಪುಸ್ತಕವನ್ನು ಮತ್ತೆ ತಿರುವಿದರು. ಪುಣೆಯಲ್ಲಿ ಓದಿದ ಪ್ರಬಂಧ, ಬರೆಯುತ್ತಿದ್ದ ಥೀಸಿಸ್ಸಿನ ಮುಖ್ಯ ಅಧ್ಯಾಯ, ಎಲ್ಲವೂ ಆ ಒದ್ದೆ ಬಟ್ಟೆಯ ಮೇಲೆ ನಿಂತಿದ್ದವು. ನಾನು ಅಳೆದದ್ದು ಸರಿಯೇ ಇತ್ತು. ಆದರೆ ನಾನು ಅಳೆಯುತ್ತಿದ್ದದ್ದು ಬಟ್ಟೆಯ ಉಪ್ಪನ್ನು. ಆ ಬಟ್ಟೆ ಸುತ್ತುತ್ತಿದ್ದದ್ದು ಡಾಕ್ಟರರಿಗೆ ಸಂಶಯ ಬಂದಾಗ ಮಾತ್ರ.

ಅವರು ಸುಮ್ಮನಿದ್ದುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅವರು ಮರುದಿನವೇ ಇಬ್ಬರು ಡಾಕ್ಟರರನ್ನೂ ನನ್ನ ಮುಂದೆ ಕರೆದು ನಿಲ್ಲಿಸಿದರು. ಅಂಚಿನ ದ್ರವ, ತಿರುಳಿನ ದ್ರವ ಎರಡನ್ನೂ ಅವರ ಕಣ್ಣೆದುರೇ ಕುಡಿಸಿದರು. ಆಮೇಲೆ ಇನ್ನೊಂದು ಪರೀಕ್ಷೆ ತೋರಿಸಿದರು. ಸಲೋಮಿ ತಂದಿಟ್ಟಿದ್ದ ಸಾದಾ ಗಡ್ಡೆಯನ್ನು ಎರಡು ಹೋಳು ಮಾಡಿ, ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಇನ್ನೊಂದನ್ನು ಒಣ ಬಾಟಲಿಯಲ್ಲೇ ಬಿಟ್ಟಿದ್ದರು. ಒಣ ಹೋಳು ಸಾದಾ ಆಗಿಯೇ ಉಳಿದಿತ್ತು. ಬಟ್ಟೆಯಲ್ಲಿದ್ದ ಹೋಳು ನನ್ನ ಬೆಂಕಿಯಲ್ಲಿ ಅಪ್ಪಟ ಕ್ಯಾನ್ಸರಿನಂತೆ ಉರಿಯಿತು.

ರೋಣದ ಕುರ್ಚಿ ಎಳೆದು ಕೂತರು. "ಅಂದ್ರ ಇಷ್ಟು ದಿವಸ ಈ ಒಲಿ ನಾ ಅಂದದ್ದನ್ನs ನನಗ ತಿರುಗಿ ಹೇಳಾಕತ್ತಿತ್ತು?"

"ಹೌದ್ರಿ ಸರ್. ನಿಮಗ ಸಂಶಯ ಬಂದ್ರ ಬಟ್ಟಿ. ಬಟ್ಟಿ ಸುತ್ತಿದ್ರ ಉಪ್ಪು. ಉಪ್ಪು ಕಂಡ್ರ ನಿಮ್ಮ ಸಂಶಯ ಖರೆ."

"ಡಿಎನ್ಎ? ಅದು ಹೆಚ್ಚಿತ್ತಲ್ಲ. ಅದಕ್ಕ ಬಟ್ಟಿ ಏನ್ ಮಾಡ್ತೈತಿ?"

"ಅದಕ್ಕ ಏನೂ ಮಾಡೂದಿಲ್ರಿ. ಡಿಎನ್ಎ ಖರೇನs ಹೆಚ್ಚದ. ಆದ್ರ ಅಷ್ಟು ಹೆಚ್ಚು ಇದ್ದ ನಿರುಪದ್ರವಿ ಗಡ್ಡಿ ನನ್ನ ಕಡೆ ಇನ್ನೂ ಕೆಲವು ಬಂದಾವು. ಅವರೆಲ್ಲ ಆರಾಮ ಇದ್ದಾರ. ಡಿಎನ್ಎ ಒಂದನ್ನs ನಂಬಿ ಕುತ್ತಿಗಿ ಕೊಯ್ಯಾಕ ಬರೂದಿಲ್ಲ. ಇಷ್ಟು ದಿನ ನನ್ನ ಸೋಡಿಯಂ ಅದಕ್ಕ ಸಾಕ್ಷಿ ಹೇಳ್ತಿತ್ತು, ಅದಕ್ಕ ಅದು ದೊಡ್ಡದಾಗಿ ಕಾಣತಿತ್ತು."

ನಾಡಗೌಡರು ಗೆದ್ದವರಂತೆ ನಗಬಹುದಿತ್ತು. ನಗಲಿಲ್ಲ. "ಒದ್ದಿ ಬಟ್ಟಿ ನಾನs ಹೇಳಿದ್ದು ಮತ್ತ," ಎಂದರು.

"ಪುಣಾದಾಗ ಓದಿ ಬಂದೀರಲ್ಲ, ಅದಕ್ಕೇನ್ ಮಾಡ್ತೀರಿ?" ಎಂದು ರೋಣದ ವಿಮಲಾ ಅವರನ್ನು ಕೇಳಿದರು.

"ತಪ್ಪಾಗೇದ ಅಂತ ಅವರಿಗೆ ಬರೀತೇನಿ. ಕೆಲಸ ಮೊದಲಿಂದ ಮಾಡ್ತೇನಿ."

ರೋಣದ ಎದ್ದರು. ಬಾಗಿಲಿನ ಹತ್ತಿರ ನಿಂತು, "ಸೋಮವಾರದ ಪಟ್ಟಿಯಿಂದ ಆಕಿ ಹೆಸರು ತಗೀತೇನಿ," ಎಂದರು. "ನಾಡಗೌಡ್ರ, ನೀವು 'ನೋಡೂಣು' ಅನ್ನೂದು ಮುಗಿಯೂತನಕ ನಾ ಚಾಕು ಹಿಡಿಯೂದಿಲ್ಲ. ಆದ್ರ ಬಿಟ್ಟೂಬಿಡದ ನೋಡ್ರಿ."

ನಾಡಗೌಡರು ಬಿಟ್ಟೂಬಿಡದೆ ನೋಡಿದರು. ಗಡ್ಡೆಯ ಹೊದಿಕೆಯನ್ನು ತುದಿಯಿಂದ ತುದಿಯವರೆಗೆ ಎಳೆಎಳೆಯಾಗಿ ಕೊಯ್ದು ಗಾಜಿಗೆ ಹಚ್ಚಿದರು. ಸಂಶಯವಿದ್ದ ಜಾಗವನ್ನು ಇನ್ನೂ ಆಳಕ್ಕೆ ಕೊಯ್ದಾಗ ಮಡಿಕೆ ಬಿಚ್ಚಿಕೊಂಡಿತು. ಹೊದಿಕೆ ಅಖಂಡವಾಗಿತ್ತು. ರಕ್ತನಾಳಗಳೊಳಗೆ ಒಂದು ಕೋಶವೂ ನುಗ್ಗಿರಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬರೆದು ಸಹಿ ಹಾಕಿದರು. ಇಂದುಮತಿಯ ಎಡಗಡೆಯ ಥೈರಾಯ್ಡು ಇದ್ದಲ್ಲೇ ಉಳಿಯಿತು, ಅದರ ಪಕ್ಕದ ನೂಲಿನಂಥ ನರವೂ.

ಹೊಲಿಗೆ ಬಿಚ್ಚಿಸಿಕೊಂಡ ದಿನ ಅವರು ಪೇಢೆ ತಂದರು. ರೋಣದ ಎರಡನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡು, "ಎಲ್ಲಿ, ಒಂದು ಗಾಡಿ ಬಿಡ್ರಿ ನೋಡೂಣು," ಎಂದರು.

ಇಂದುಮತಿ ಸೆರಗು ಸರಿಮಾಡಿಕೊಂಡರು. ಕಂಪ್ರೆಸರಿನ ಗುಡುಗುಡು ಮೀರಿ ದನಿ ಎದ್ದಿತು. "ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಗುಂತಕಲ್ಲಿನಿಂದ ಬಳ್ಳಾರಿ, ಗದಗ ಮಾರ್ಗವಾಗಿ ಬರುವ ಪ್ಯಾಸೆಂಜರ್ ಗಾಡಿಯು ಇನ್ನು ಕೆಲವೇ ನಿಮಿಷಗಳಲ್ಲಿ ಎರಡನೆಯ ಪ್ಲಾಟ್‌ಫಾರ್ಮಿಗೆ ಬರಲಿದೆ." ಎಲ್ಲಿಯೂ ತಡವರಿಕೆಯಿಲ್ಲ, ಒಡಕಿಲ್ಲ. ನನ್ನ ಉರಿ ಸಣ್ಣಗೆ ಓಲಾಡಿತು. ವಿಮಲಾ ಈ ಸಲ ಹಿಂದೆ ಸರಿಯಿರಿ ಎನ್ನಲಿಲ್ಲ.

"ಗಾಡಿ ತಡಾ ಇಲ್ಲೇನ್ರಿ?" ಎಂದರು ನಾಡಗೌಡರು.

"ಇವತ್ತ ಇಲ್ರಿ," ಎಂದರು ಇಂದುಮತಿ.

ವಿಮಲಾ ಹೇಳಿದಂತೆಯೇ ಮಾಡಿದರು. ಪುಣೆಗೆ ಪತ್ರ ಬರೆದರು. ಶಸ್ತ್ರಚಿಕಿತ್ಸಾ ಕೊಠಡಿಯ ರೂಢಿ ಬದಲಾಯಿತು. ಗಡ್ಡೆ ಯಾವುದೇ ಇರಲಿ, ಯಾರಿಗೆ ಎಷ್ಟೇ ಸಂಶಯವಿರಲಿ, ಅದು ಹೊರಬಂದ ಕೂಡಲೇ ವಿಮಲಾ ಅವರ ತುಂಡು ಮೊದಲು ಒಣ ಬಾಟಲಿಗೆ, ಬಾಟಲಿ ಮಂಜುಗಡ್ಡೆಯ ಮೇಲೆ. ಯಾವುದು ಯಾವ ಗಡ್ಡೆಯೆಂದು ಅಳೆಯುವಾಗ ವಿಮಲಾ ಅವರಿಗೂ ಗೊತ್ತಿರುತ್ತಿರಲಿಲ್ಲ. ವರ್ಷಗಳು ಹಿಡಿದವು. ಕೊನೆಗೆ ಬಂದ ಉತ್ತರ ಚಿಕ್ಕದು. ಗಡ್ಡೆಗಳಲ್ಲಿ ಲವಣಗಳು ಸ್ವಲ್ಪ ಏರುಪೇರಾಗುತ್ತವೆ, ಆದರೆ ಕ್ಯಾನ್ಸರನ್ನು ಬೇರ್ಪಡಿಸಿ ತೋರಿಸುವಷ್ಟು ಅಲ್ಲ. ಡಿಎನ್ಎ ಎಚ್ಚರಿಕೆ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಅವರ ಥೀಸಿಸ್ ಹಾಗೆಯೇ ಮುಗಿಯಿತು. ಅದಕ್ಕೆ ಯಾರೂ ಹಾರ ಹಾಕಲಿಲ್ಲ. ಆದರೆ ಅದರಲ್ಲಿರುವ ಒಂದು ಅಂಕಿಯನ್ನೂ ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಆ ಅಂಕಿಗಳು ನನ್ನವು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೆಂಕಿಯಿಲ್ಲದೆ ಲವಣ ಅಳೆಯುವ ಯಂತ್ರಗಳು ಬಂದ ಮೇಲೆ ಆಸ್ಪತ್ರೆಯಲ್ಲಿ ನನ್ನ ಕೆಲಸ ಮುಗಿಯಿತು. ವಿಮಲಾ ನನ್ನನ್ನು ಗುಜರಿಗೆ ಹಾಕಲು ಬಿಡದೆ, ರೈಲು ನಿಲ್ದಾಣದ ಹಿಂದಿನ ರಸ್ತೆಯ ಒಂದು ಪದವಿ ಕಾಲೇಜಿಗೆ ಕೊಡಿಸಿದರು. ಅಲ್ಲಿ ವಿದ್ಯಾರ್ಥಿಗಳು ನನ್ನಿಂದ ಸೋಡಿಯಂ ಹಳದಿ ಎಂದು ಕಲಿತರು. ಬಟ್ಟಿ ಇಳಿಸಿದ ನೀರಿನಲ್ಲೂ ಮುಳ್ಳು ಎದ್ದರೆ ಯಂತ್ರ ಕೆಟ್ಟಿದೆ ಎಂದು ದೂರುತ್ತಿದ್ದರು. ಕೆಟ್ಟಿರುತ್ತಿರಲಿಲ್ಲ. ಯಾರೋ ಲೋಟದೊಳಗೆ ಬೆರಳು ಅದ್ದಿರುತ್ತಿದ್ದರು. ಆಮೇಲೆ ಕಂಪ್ರೆಸರು ನಿಂತಿತು, ಬಿಡಿಭಾಗ ಸಿಗಲಿಲ್ಲ. ನನ್ನನ್ನು ಕಿಟಕಿಯ ಪಕ್ಕದ ಕಪಾಟಿನ ಮೇಲೆ ಎತ್ತಿಟ್ಟರು.

ಕಂಪ್ರೆಸರಿನ ಸದ್ದಿಲ್ಲದ್ದರಿಂದ ಅಲ್ಲಿ ನಿಲ್ದಾಣದ ಪ್ರಕಟಣೆ ಪೂರ್ತಿ ಕೇಳುತ್ತದೆ. ಲೋಂಡಾ ಕಡೆಯ ಗಾಡಿ, ಮೀರಜ್ ಗಾಡಿ, ಗುಂತಕಲ್ ಪ್ಯಾಸೆಂಜರ್. ಬಹಳ ವರ್ಷ ಅದೇ ದನಿ. ವಯಸ್ಸಾದಂತೆ ತುಸು ದಪ್ಪವಾಯಿತು, ಒಡೆಯಲಿಲ್ಲ. ತಡವಾದ ಗಾಡಿಗೆ ಕ್ಷಮೆ ಕೇಳುವುದನ್ನೂ ಬಿಡಲಿಲ್ಲ.

ಒಂದು ಸಂಜೆ ಗುಂತಕಲ್ ಗಾಡಿಯ ಪ್ರಕಟಣೆ ಮುಗಿದ ಮೇಲೆ ಧ್ವನಿವರ್ಧಕ ಎಂದಿನಂತೆ ಟಕ್ಕೆಂದು ಬಂದ್ ಆಗಲಿಲ್ಲ. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಅದೇ ದನಿ ಪ್ರಕಟಣೆಯ ಕನ್ನಡ ಬಿಟ್ಟು ಮಾತಾಡಿತು. "ಇಷ್ಟು ದಿವಸ ಗಾಡಿ ಹೇಳಿದಾಕಿ ಇಂದುಮತಿ ಸವಣೂರ. ನಾಳಿಂದ ರಿಟೈರ್. ಬರ್ತೇನ್ರಿ."

ಮರುದಿನದಿಂದ ಮುದ್ರಿಸಿಟ್ಟ ದನಿ ಬರುತ್ತಿದೆ. ಅದಕ್ಕೆ ಉಸಿರಿಲ್ಲ. ನನ್ನಲ್ಲೂ ಈಗ ಉರಿಯಿಲ್ಲ. ಆದರೆ ಒಳಗಿನ ಗಾಜು ಒಡೆದಿಲ್ಲ, ಮುಳ್ಳು ಸೊನ್ನೆಯಲ್ಲೇ ನಿಂತಿದೆ. ನಾಳೆ ಯಾರಾದರೂ ಅನಿಲ ಹಚ್ಚಿ ತುಂತುರು ಬಿಟ್ಟರೆ, ಅದರಲ್ಲಿ ಏನಿದೆ, ಎಷ್ಟಿದೆ ಎಂದು ಇದ್ದಷ್ಟೇ ಹೇಳುತ್ತೇನೆ. ಎಲ್ಲಿಂದ ಬಂತು ಎಂದು ಕೇಳುವವರು ಮಾತ್ರ ಮುಂದೆ ನಿಂತಿರಬೇಕು.